ವಿಲ್ಲಾದ ಮೆಟ್ಟಿಲ ಮೇಲೆ ಶೆಟ್ಟರ ಪೆಟ್ಟಿಗೆ

ಕಳೆದ ಶುಕ್ರವಾರ ದೋಹಾದ ಅಲ್ ಸದ್ದ್‌ನ ಒಂದು ಫ್ಲಾಟಿನಲ್ಲಿ ನನ್ನ ಹಳೆಯ ರೂಮ್‌ಮೇಟ್ ಒಬ್ಬರ ಶ್ರದ್ಧಾಂಜಲಿ ಸಭೆ ನಡೆಯಿತು. ದೋಹಾದ ಕೆಲಸ ಮುಗಿಸಿ ಮೈಸೂರಿಗೆ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ ವಾಕಿಂಗ್ ಹೋದವರು ದಾರಿಯಲ್ಲೇ ಕುಸಿದರಂತೆ. ಕೊನೆಯ ಗಳಿಗೆಯಲ್ಲೂ ನಡೆಯುತ್ತಲೇ ಇದ್ದರು ಎಂದು ಕೇಳಿ ನನಗೇನೂ ಆಶ್ಚರ್ಯವಾಗಲಿಲ್ಲ.

ಒಂದು ನಿಮಿಷದ ಮೌನ, ಒಂದು ದೇವರನಾಮ, ಆಮೇಲೆ ಮಾತು. ಎದ್ದು ನಿಂತವರೆಲ್ಲ ಒಂದೇ ಸಂಗತಿ ಹೇಳಿದರು. ಇಟಲಿಯ ಹಳ್ಳಿಗಾಡಿನಲ್ಲಿ ನಾನೂರು ಐನೂರು ವರ್ಷಗಳ ಹಿಂದೆ ಕಟ್ಟಿದ ವಿಲ್ಲಾಗಳ ಬಗ್ಗೆ ಅವರಿಗೆ ಎಂಥ ಹುಚ್ಚಿತ್ತು, ಕನ್ನಡ ಸಂಘದಲ್ಲಿ ಸ್ಲೈಡ್ ತೋರಿಸಿ ಹೇಗೆ ಮಾತಾಡುತ್ತಿದ್ದರು, ಇತ್ಯಾದಿ. ಕೊನೆಗೆ ಒಬ್ಬ ಹಿರಿಯರು ಕಣ್ಣೊರೆಸಿಕೊಂಡು, "ಪಾಪ, ಎಲ್ಲಾ ಪುಸ್ತಕ ನೋಡಿಕೊಂಡೇ. ಒಂದು ಸಲವಾದರೂ ಹೋಗಿ ಕಣ್ಣಾರೆ ನೋಡೋ ಯೋಗ ಅವರಿಗೆ ಬರಲಿಲ್ಲ" ಎಂದರು. ಸಭೆಗೆ ಸಭೆಯೇ ತಲೆಯಾಡಿಸಿತು.

ನಾನು ಕಾಲೇಜು ದಿನಗಳಿಂದ ಚರ್ಚಾಸ್ಪರ್ಧೆಯಲ್ಲಿ ಬೆಳೆದವನು. ತಪ್ಪು ಮಾತು ಕಿವಿಗೆ ಬಿದ್ದರೆ ನನಗೆ ಕೂತ ಕುರ್ಚಿ ಚುಚ್ಚುತ್ತದೆ. ಅಂದು ತೊಡೆಯ ಕೆಳಗೆ ಕೈ ಇಟ್ಟುಕೊಂಡು ಕೂತೆ. ಯಾಕೆಂದರೆ ಅವರು ಹೋಗಿದ್ದರು. ಒಂದಲ್ಲ, ನಾಲ್ಕು ಸಲ, ನಾಲ್ಕೂ ಸಲ ಒಬ್ಬರೇ. ನನ್ನ ಹತ್ತಿರ ಸಾಕ್ಷಿ ಉಂಟು, ಆರೋಪಿಯ ತಪ್ಪೊಪ್ಪಿಗೆಯೂ ಉಂಟು. ಆದರೆ ಮೈಸೂರಿನ ಅವರ ಮನೆಗೆ ಇದು ಗೊತ್ತಾಗಬಾರದು ಎಂದು ಮಾತು ಕೊಟ್ಟಿದ್ದೇನೆ. ಆದ್ದರಿಂದ ಇಲ್ಲಿ ಅವರ ಹೆಸರಿಲ್ಲ. ಹೆಸರು ಬಿಟ್ಟರೆ ಸತ್ಯ ಹೇಳಬಹುದು ಎನ್ನುವುದು ನನ್ನ ವಾದ. ದುರ್ಬಲ ವಾದ, ಗೊತ್ತು.

*

ಬಹಳ ವರ್ಷಗಳ ಹಿಂದಿನ ಮಾತು. ದೋಹಾದ ಬಿನ್ ಒಮ್ರಾನ್‌ನ ಒಂದು ಹಳೇ ಕಟ್ಟಡದಲ್ಲಿ ಮೂರು ಕೋಣೆಯ ಫ್ಲಾಟು. ಒಂದರಲ್ಲಿ ಅವರು, ಒಂದರಲ್ಲಿ ಉಡುಪಿ ಕಡೆಯ ಶೆಟ್ಟರು, ಇನ್ನೊಂದರಲ್ಲಿ ಬಂಟ್ವಾಳದ ಬ್ಯಾರಿ ಹುಡುಗನಾದ ನಾನು. ಅವರು ಒಂದು ಕಟ್ಟಡ ಕನ್ಸಲ್ಟೆನ್ಸಿಯಲ್ಲಿ ಕ್ವಾಂಟಿಟಿ ಸರ್ವೇಯರ್. ಯಾವ ಗೋಡೆಗೆ ಎಷ್ಟು ಬ್ಲಾಕು, ಯಾವ ಛಾವಣಿಗೆ ಎಷ್ಟು ಕಬ್ಬಿಣ ಎಂದು ಎಸ್ಟಿಮೇಟ್ ಹಾಕುವ ಕೆಲಸ. ಶೆಟ್ಟರು ಒಂದು ಗೋದಾಮಿನ ಸ್ಟೋರ್ ಕೀಪರ್. ನಾನು ಏಸಿ ಬಿಡಿಭಾಗ ಮಾರುವ ಕಂಪನಿಯಲ್ಲಿ ಇಂಗ್ಲಿಷ್ ಪತ್ರ, ಫ್ಯಾಕ್ಸ್ ಬರೆಯುವ ಗುಮಾಸ್ತ. ಶೆಟ್ಟರೂ ನಾನೂ ತುಳುವಿನಲ್ಲಿ ಜಗಳಾಡುತ್ತಿದ್ದೆವು. ಅವರು ಒಳಗೆ ಬಂದರೆ ಜಗಳ ಕನ್ನಡಕ್ಕೆ ತಿರುಗುತ್ತಿತ್ತು.

ನಾನು ಸೇರಿದ ವಾರದಲ್ಲೇ ಒಂದು ಸಂಜೆ ಬಾಗಿಲು ತೆಗೆದರೆ ಫ್ರಿಜ್ಜು ಇದ್ದಲ್ಲಿ ಇರಲಿಲ್ಲ. ಸೋಫಾ ಗೋಡೆಗೆ ಅಂಟಿ ನಿಂತಿತ್ತು. ಮುಂಬಾಗಿಲಿನಿಂದ ಬಾಲ್ಕನಿಯವರೆಗೆ ಎಲ್ಲಾ ಬಾಗಿಲುಗಳೂ ಹಾರುಹೊಡೆದಿದ್ದವು, ಏಸಿಯ ತಂಪೆಲ್ಲ ಹೊರಗೆ ಹೋಗುತ್ತಿತ್ತು.

"ಇದೆಂಥದು ಶೆಟ್ರೆ?"

ಶೆಟ್ಟರು ಗಲ್ಲದಲ್ಲೇ ಅವರ ಕಡೆ ತೋರಿಸಿದರು. "ಅವರನ್ನು ಕೇಳು ಮಾರಾಯ. ನನ್ನ ಸೊಂಟ ಹೋಯ್ತು."

ಅವರು ಚಪಾತಿ ಸುರುಳಿ ಕೈಯಲ್ಲಿ ಹಿಡಿದು ಬಾಲ್ಕನಿಗೂ ಅಡುಗೆಮನೆಗೂ ಓಡಾಡುತ್ತಿದ್ದರು. ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ. "ಬಾಗಿಲು ತೆಗೆದ ಕೂಡಲೇ ಆ ಕೊನೆ ಕಾಣಬೇಕು ಕಣಯ್ಯ. ಇಟಲಿಯ ವಿಲ್ಲಾಗಳಲ್ಲಿ ಹಾಗೇ. ಮುಂದಿನ ಮೆಟ್ಟಿಲಲ್ಲಿ ನಿಂತರೆ ಮನೆ ದಾಟಿ, ತೋಟ ದಾಟಿ, ಹೊಲದ ಕೊನೇ ಮರದವರೆಗೆ ಒಂದೇ ಗೆರೆ."

"ನಮ್ಮ ಬಾಲ್ಕನಿಯಿಂದ ಕಾಣುವುದು ಪಕ್ಕದ ಕಟ್ಟಡದ ನೀರಿನ ಟ್ಯಾಂಕು ಸಾರ್."

"ಏನು ಕಾಣುತ್ತೆ ಅನ್ನೋದು ಆಮೇಲೆ. ಮೊದಲು ಕಣ್ಣು ಹೋಗೋಕೆ ದಾರಿ ಇರಬೇಕು."

"ಇದು ತರ್ಕ ಅಲ್ಲ."

"ಅಲ್ಲ. ಒಪ್ಪಿದೆ," ಎಂದು ಅವರು ಇನ್ನೊಂದು ಸುತ್ತು ಹೊರಟರು.

ಇದೇ ಅವರ ಜೊತೆಗಿನ ತೊಂದರೆ. ಎದುರಾಳಿ ಎಂದರೆ ವಾದ ಮಾಡಬೇಕು, ಸೋಲಬೇಕು ಅಥವಾ ಗೆಲ್ಲಬೇಕು. ಇವರು ಮೊದಲ ಏಟಿಗೇ ಒಪ್ಪಿಬಿಡುತ್ತಿದ್ದರು. ಒಪ್ಪಿ, ತಾವು ಮಾಡುವುದನ್ನೇ ಮಾಡುತ್ತಿದ್ದರು. ಫ್ರಿಜ್ಜು ಆ ಮೂಲೆಯಲ್ಲೇ ಉಳಿಯಿತು. ನೀರಿನ ಟ್ಯಾಂಕಿನ ದರ್ಶನ ನಮಗೆ ದಿನವೂ ಆಗುತ್ತಿತ್ತು.

ಶುಕ್ರವಾರದ ಊಟ ಆದ ಮೇಲೆ ನಮ್ಮ ಕುಸ್ತಿ. ವಿಲ್ಲಾಗಳ ಎತ್ತರದ ಕಂಬಗಳ ಫೋಟೋ ಇದ್ದ ಪುಸ್ತಕವನ್ನು ಅವರು ಒಮ್ಮೆ ನನ್ನ ಮುಂದೆ ಹಿಡಿದರು. "ಏನು ಅಂದ್ಕೊಂಡೆ ಇದನ್ನ?"

"ಅಮೃತಶಿಲೆ."

"ಇಟ್ಟಿಗೆ! ಒಳಗೆಲ್ಲ ಇಟ್ಟಿಗೆ, ಮೇಲೆ ಗಾರೆ ಸವರಿದ್ದಾರೆ."

"ಅಂದ್ರೆ ಮೋಸ."

"ಮೋಸ ಅಲ್ಲಪ್ಪ, ಬಜೆಟ್." ಅವರು ಮಗುವಿನ ಹಾಗೆ ನಕ್ಕರು. "ಐನೂರು ವರ್ಷದ ಹಿಂದೆಯೂ ಓನರ್ ಬಂದು, ಖರ್ಚು ಜಾಸ್ತಿ ಆಯ್ತು, ಕಡಿಮೆ ಮಾಡಿ ಅಂದಿದ್ದಾನೆ ಕಣಯ್ಯ. ನನ್ನಂಥವನೊಬ್ಬ ಅಲ್ಲೂ ಇದ್ದ."

ನಾನು ಬಿಡಲಿಲ್ಲ. ಶ್ರೀಮಂತ ವ್ಯಾಪಾರಿಗಳು ರೈತರ ಬೆನ್ನಿನ ಮೇಲೆ ಕಟ್ಟಿಸಿಕೊಂಡ ಬೇಸಿಗೆ ಮನೆಗಳು ಇವು, ಇಲ್ಲಿ ಮರುಭೂಮಿಯಲ್ಲಿ ನಮ್ಮವರು ಬಿಸಿಲಲ್ಲಿ ನಿಂತು ಕಟ್ಟುವ ವಿಲ್ಲಾಗಳಿಗೂ ಅವಕ್ಕೂ ಏನು ವ್ಯತ್ಯಾಸ, ಹಳತಾದ ಕೂಡಲೇ ಅನ್ಯಾಯ ಕಲೆಯಾಗಿ ಬಿಡುತ್ತದೆಯೇ ಎಂದು ಐದು ನಿಮಿಷ ಬಾರಿಸಿದೆ. ಮಂಗಳೂರಿನ ವೇದಿಕೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಶೆಟ್ಟರು ಸೋಫಾದಲ್ಲಿ ಗೊರಕೆ ಹೊಡೆಯುತ್ತಿದ್ದರು.

"ಒಪ್ಪಿದೆ," ಎಂದರು ಅವರು. "ಅಲಂಕಾರದ ಹಾಲ್ ಇರುತ್ತಲ್ಲ, ಗೋಡೆ ತುಂಬ ದೇವರು ದೇವತೆಯರ ಚಿತ್ರ, ಅದರ ಮೇಲಿನ ಅಟ್ಟದಲ್ಲಿ ಏನಿಡ್ತಿದ್ರು ಗೊತ್ತಾ? ಗೋಧಿ. ಮೂಟೆ ಮೂಟೆ ಗೋಧಿ. ಆ ರೈತರದ್ದೇ. ದೇವತೆಗಳ ತಲೆ ಮೇಲೆ ದವಸ. ಅದನ್ನ ಹೊರುವಷ್ಟು ಬಲ ಆ ತೆಳ್ಳನೆ ಛಾವಣಿಗೆ ಹೇಗೆ ಬಂತು ಅಂತ ನನಗೆ ನಿದ್ದೆ ಬರಲ್ಲ."

"ನಾನು ಕೇಳಿದ್ದಕ್ಕೆ ಇದು ಉತ್ತರ ಅಲ್ಲ."

"ನಾನು ಉತ್ತರ ಹೇಳ್ತೀನಿ ಅಂತ ಎಲ್ಲಿ ಅಂದೆ, ವಕೀಲ್ರೇ?"

ನನ್ನನ್ನು ಅವರು ಕರೆಯುತ್ತಿದ್ದದ್ದು ಹಾಗೆ. ವಕೀಲ್ರೇ.

*

ಗಲ್ಫಿನಲ್ಲಿ ಇಲ್ಲದವರಿಗೆ ಒಂದು ಪದ್ಧತಿ ಹೇಳಬೇಕು. ಇಲ್ಲಿ ಯಾರಾದರೂ ರಜೆಗೆ ಊರಿಗೆ ಹೊರಟರೆ ಅವನ ಸೂಟ್‌ಕೇಸು ಅವನದ್ದಲ್ಲ. ಹಾಲಿನ ಪುಡಿ, ಮುಲಾಮು, ಸೆಂಟು, ಮಗುವಿಗೆ ಫ್ರಾಕು, ಅಜ್ಜಿಗೆ ಕಂಬಳಿ ಎಂದು ಕಟ್ಟಡದವರೆಲ್ಲ ತಂದು ಸುರಿಯುತ್ತಾರೆ. ಅದರಲ್ಲಿ ಹಿಡಿಯದೆ ಹೋದರೆ ರಟ್ಟಿನ ಪೆಟ್ಟಿಗೆ, ಅದಕ್ಕೆ ನೈಲಾನ್ ಹಗ್ಗ, ಮೇಲೆ ಮಾರ್ಕರಿನಲ್ಲಿ ದಪ್ಪ ಅಕ್ಷರದ ವಿಳಾಸ. ಬೇಡ ಎನ್ನುವ ಹಾಗಿಲ್ಲ. ನಾಳೆ ನಿನ್ನ ಸರದಿ ಬಂದಾಗ ನಿನ್ನದನ್ನು ಯಾರು ಒಯ್ಯುತ್ತಾರೆ? ಅವರು ಪ್ರತಿ ವರ್ಷ ಏಪ್ರಿಲ್ ಕೊನೆಗೆ ಹೊರಟಾಗ ಎಲ್ಲರ ಸಾಮಾನನ್ನೂ ಸಂತೋಷವಾಗಿ ಒಯ್ಯುತ್ತಿದ್ದರು. ಕೊಟ್ಟವರದ್ದು ಒಂದೇ ದೂರು: "ಅವರ ಕೈಯಲ್ಲಿ ಕೊಟ್ಟದ್ದು ಸ್ವಲ್ಪ ತಡವಾಗಿ ಸಿಗ್ತದೆ." ಹಾಲಿನ ಪುಡಿ ತಡವಾದರೆ ಕೆಡುವುದಿಲ್ಲವಲ್ಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆ ಚಳಿಗಾಲ ಕನ್ನಡ ಸಂಘದಲ್ಲಿ ಅವರ ಸ್ಲೈಡ್ ಪ್ರದರ್ಶನ. ಸ್ಲೈಡುಗಳು ತಮ್ಮ ಆಫೀಸಿನ ಇಟಲಿಯ ಇಂಜಿನಿಯರೊಬ್ಬರದ್ದು ಎಂದು ಮೊದಲೇ ಹೇಳಿದರು. ಪರದೆಯ ಮೇಲೆ ಒಂದು ವಿಲ್ಲಾದ ಅಗಲವಾದ ಮೆಟ್ಟಿಲು ಬಂತು. ಎರಡೂ ಕಡೆ ಮಣ್ಣಿನ ಕುಂಡಗಳಲ್ಲಿ ನಿಂಬೆ ಗಿಡ. ಚಳಿಗಾಲಕ್ಕೆ ಅವನ್ನು ಒಳಗಿಡುತ್ತಾರೆ, ಮೇ ಬಂದರೆ ಬಿಸಿಲಿಗೆ ತರುತ್ತಾರೆ ಎಂದು ಅವರು ವಿವರಿಸುತ್ತಿದ್ದರು. ಸಭೆ ನಿಂಬೆ ಗಿಡ ನೋಡಿತು. ನಾನು ಎಲ್ಲರೂ ನೋಡುವ ಕಡೆ ನೋಡುವವನಲ್ಲ. ಮೆಟ್ಟಿಲ ಕೆಳಮೂಲೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ನೀಲಿ ನೈಲಾನ್ ಹಗ್ಗ. ಮೇಲೆ ಇಂಗ್ಲಿಷಿನಲ್ಲಿ UDUPI. ಆ U ಅಕ್ಷರದ ಬಾಲ ಬಲಕ್ಕೆ ಬಾಗಿತ್ತು. ದಿನಾ ಫ್ರಿಜ್ಜಿನ ಮೇಲೆ "ಹಾಲು ಖಲಾಸ್" ಎಂದು ಇಂಗ್ಲಿಷ್ ಅಕ್ಷರದಲ್ಲಿ ಚೀಟಿ ಅಂಟಿಸುವ ಶೆಟ್ಟರ ಕೈಬರಹ ನನಗೆ ಗೊತ್ತಿಲ್ಲವೇ? ಶೆಟ್ಟರು ಆಗ ಹೊರಗೆ ಬೋಂಡಾ ಕರಿಯುವವರ ಮೇಲ್ವಿಚಾರಣೆಯಲ್ಲಿದ್ದರು.

ವಾಪಸ್ ಬರುವಾಗ ಶೆಟ್ಟರು ಬೇರೆ ಕಾರಿನಲ್ಲಿ ಹೋದರು, ನಾನು ಇವರ ಕಾರಿನಲ್ಲಿ. ರೌಂಡ್‌ಅಬೌಟ್ ಹತ್ತಿರ ಬಂದಾಗ ಕೇಳಿದೆ.

"ಸಾರ್, ನಿಮ್ಮ ಇಟಲಿ ಇಂಜಿನಿಯರಿಗೆ ಉಡುಪಿಯಲ್ಲಿ ನೆಂಟರುಂಟಾ?"

ಅವರು ತಿರುಗಬೇಕಾದ ರಸ್ತೆ ಬಿಟ್ಟು ಮತ್ತೊಂದು ಸುತ್ತು ಹೊಡೆದರು. ಆಮೇಲೆ ಇನ್ನೊಂದು. ಹಿಂದಿನವನು ಹಾರನ್ ಒತ್ತುತ್ತಲೇ ಇದ್ದ.

"ಯಾವ ಸ್ಲೈಡು?"

"ನಿಂಬೆ ಗಿಡದ್ದು."

"ಛೆ. ಫ್ರೇಮಿನಲ್ಲಿ ಬಂದಿದೆಯಾ ಅದು?" ಮೂರನೇ ಸುತ್ತಿನಲ್ಲಿ ಅವರು ನಗತೊಡಗಿದರು. "ಸ್ಟೇಷನ್ನಿನಲ್ಲಿ ಬಿಡೋಕೆ ಧೈರ್ಯ ಬರಲಿಲ್ಲ ಕಣಯ್ಯ. ನನ್ನ ಬ್ಯಾಗು ಬಿಟ್ಟೆ. ಅದು ಬೇರೆಯವರ ಸಾಮಾನು."

ಆ ಸಂಜೆ ಎಲ್ಲಾ ಹೊರಬಿತ್ತು. ಕಂಪನಿ ಅವರಿಗೆ ಪೂರ್ತಿ ಒಂದು ತಿಂಗಳು ರಜೆ ಕೊಡುತ್ತಿತ್ತು. ಮನೆಗೆ ಅವರು ಹೇಳಿದ್ದು ಮೂರು ವಾರ. ಬಾಂಬೆ ಟಿಕೆಟನ್ನು ಟ್ರಾವೆಲ್ ಏಜೆಂಟನ ಹತ್ತಿರ ರೋಮ್ ಮೂಲಕ ಮಾಡಿಸಿಕೊಳ್ಳುವುದು, ಉಳಿದ ದಿನಗಳನ್ನು ಇಟಲಿಯ ಹಳ್ಳಿ ಬಸ್ಸುಗಳಲ್ಲಿ ಕಳೆಯುವುದು. ದೋಹಾದವರ ಲೆಕ್ಕದಲ್ಲಿ ಅವರು ಮೈಸೂರಿನಲ್ಲಿ, ಮೈಸೂರಿನವರ ಲೆಕ್ಕದಲ್ಲಿ ದೋಹಾದಲ್ಲಿ.

"ಯಾಕೆ ಸಾರ್ ಈ ಕಳ್ಳತನ? ನಿಮ್ಮ ದುಡ್ಡು, ನಿಮ್ಮ ರಜೆ. ಹೇಳಿ ಹೋಗಬಹುದಲ್ಲ."

"ನೀನಿನ್ನೂ ರಜೆಗೆ ಹೋಗಿಲ್ಲ. ನಾನು ಮನೆಗೆ ಹಿರಿಮಗ. ಮೂರು ಜನ ತಂಗಿಯರು. ನನ್ನ ರಜೆಯ ತಾರೀಖು ಗೊತ್ತಾದ ಮೇಲೇ ಅವರು ಛತ್ರ ಬುಕ್ ಮಾಡೋದು. ಮುಂಜಿ, ನಾಮಕರಣ, ಗೃಹಪ್ರವೇಶ, ಸತ್ಯನಾರಾಯಣ ಪೂಜೆ, ಎಲ್ಲಾ ಅಣ್ಣ ಬಂದಾಗ. ಒಂದು ದಿನ ಜಾಸ್ತಿ ಇದೆ ಅಂತ ಗೊತ್ತಾದರೆ ಆ ದಿನಕ್ಕೂ ಯಾರದ್ದೋ ಕಿವಿ ಚುಚ್ಚುತ್ತಾರೆ."

ಹೆಂಡತಿಗೂ ಗೊತ್ತಿರಲಿಲ್ಲ. ತಡವಾಗಿ ಹುಟ್ಟಿದ ಒಬ್ಬಳೇ ಮಗಳಿಗಂತೂ ಗೊತ್ತಿರಲು ಸಾಧ್ಯವೇ ಇಲ್ಲ, ಆಗ ಅವಳು ಪ್ರೈಮರಿ ಶಾಲೆಯಲ್ಲಿದ್ದಳು. ಯಾರಿಗೂ ಹೇಳುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡರು. ಆಮೇಲೆ ತಡೆಯಲಾರದೆ ಎಲ್ಲಾ ಹೇಳಿದರು. ನಾಲ್ಕು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದು, ನೋಡಿ.

ವಿಚೆಂಜಾ ಹತ್ತಿರದ ಒಂದು ಮನೆಯಲ್ಲಿ ಗೋಡೆಯ ಮೇಲೆ ಬಾಗಿಲಿನ ಚಿತ್ರ, ಅರ್ಧ ತೆರೆದ ಆ ಬಾಗಿಲಿನಿಂದ ಇಣುಕುವ ಪುಟ್ಟ ಹುಡುಗಿಯ ಚಿತ್ರ. ಇವರು "ಎಕ್ಸ್‌ಕ್ಯೂಸ್ ಮಿ" ಎಂದರಂತೆ. ಇನ್ನೊಂದು ಕಡೆ ತೋಟದಲ್ಲಿ ನೆಲದಿಂದ ಇದ್ದಕ್ಕಿದ್ದಂತೆ ನೀರು ಚಿಮ್ಮಿಸಿ ಅತಿಥಿಗಳನ್ನು ತೋಯಿಸುವ ಹಳೇ ಕಾಲದ ಚೇಷ್ಟೆ. ಇವರು ತಾವು ಒದ್ದೆಯಾದರೂ ಪರವಾಗಿಲ್ಲವೆಂದು ಕುಂದಾಪುರದ ಯಾರದ್ದೋ ಕಂಬಳಿಯನ್ನು ಅಂಗಿಯೊಳಗೆ ಅವುಚಿಕೊಂಡು ಓಡಿದರಂತೆ. ಮಾಂಸದ ವಾಸನೆಯಿಲ್ಲದ ಊಟ ಸಿಗದೆ ಬ್ರೆಡ್ಡು, ಟೊಮೆಟೊ. ಬ್ರೆಂಟಾ ನದಿಯ ದಂಡೆಯಲ್ಲಿ ವಿಲ್ಲಾದಿಂದ ವಿಲ್ಲಾಗೆ ಬಿಸಿಲಲ್ಲಿ ನಡಿಗೆ. ಹೋದಲ್ಲೆಲ್ಲ ಕಾವಲುಗಾರ ಆಚೆ ತಿರುಗಿದಾಗ ಕಂಬಕ್ಕೆ ಬೆರಳಿನಿಂದ ತಟ್ಟಿ ಕಿವಿಗೊಡುವುದು.

"ಕಂಡಾಗ ಏನನ್ನಿಸ್ತದೆ ಸಾರ್? ಒಂದು ಸಲ ಸರಿ. ನಾಲ್ಕು ಸಲ ಹೋಗುವಂಥದ್ದು ಎಂಥದು?"

ಅವರು ಯೋಚಿಸಿದರು. "ಅಲ್ಲಿ ನನ್ನನ್ನ ಯಾರೂ ಏನೂ ಕೇಳಲ್ಲ ಕಣಯ್ಯ. ಒಂದು ಮರದ ನೆರಳಲ್ಲಿ ಕೂತಿರ್ತೀನಿ. ಗಂಟೆಗಟ್ಟಲೆ."

ಕೂತಿರುವುದು ಎಂಬ ಮಾತನ್ನು ನಾನು ನಂಬಲಿಲ್ಲ. ನಂಬದೇ ಇರುವುದು ನನ್ನ ಅಭ್ಯಾಸ.

*

ನೋಡದೆ ಉಳಿದದ್ದು ಒಂದು ಮನೆ. ಸಣ್ಣದು, ಯಾವ ಪ್ರವಾಸಿ ಪುಸ್ತಕದಲ್ಲೂ ದೊಡ್ಡದಾಗಿ ಬಾರದ್ದು. ಒಳಗೆ ವಯಸ್ಸಾದ ಒಡತಿಯೊಬ್ಬರೇ ಇದ್ದರು, ಯಾರನ್ನೂ ಬಿಡುತ್ತಿರಲಿಲ್ಲ. ಆದರೆ ಅಲ್ಲಿ ಹಾಲಿನ ಮೇಲಿನ ಗೋಧಿ ಅಟ್ಟ, ಅದರ ಮರದ ತೊಲೆಗಳು ಕಟ್ಟಿದ ಕಾಲದವೇ ಹಾಗೇ ಉಳಿದಿವೆಯಂತೆ. ಇವರು ವರ್ಷ ವರ್ಷ ಪತ್ರ ಬರೆಯುತ್ತಿದ್ದರು. ನಾನು ಜೊತೆಗಾರನಾದ ಮೇಲೆ ಪತ್ರ ಬರೆಯುವ ಕೆಲಸ ನನ್ನದು. ನನ್ನ ಇಂಗ್ಲಿಷಿನ ಪ್ರಭಾವವೋ ಅಜ್ಜಿಯ ಬೇಸರವೋ, ಆ ವರ್ಷ ಇವರ ಆಫೀಸಿಗೆ ಉತ್ತರ ಬಂತು. ಮನೆ ಮಾರಾಟವಾಗಿದೆ, ಕೊಂಡವರು ಬೇಸಿಗೆಯಲ್ಲಿ ಒಳಗೆಲ್ಲ ಒಡೆದು ಹೋಟೆಲ್ ಮಾಡುತ್ತಾರೆ. ಮೇ ಮೊದಲ ವಾರದಲ್ಲಿ ಒಂದು ಬೆಳಿಗ್ಗೆ ಬಂದರೆ ಅಟ್ಟ ತೋರಿಸುತ್ತೇನೆ.

ಆ ದಿನದಿಂದ ಅವರು ನೆಲದ ಮೇಲೆ ಕಾಲೂರಲಿಲ್ಲ. ವೀಸಾ ಆಯಿತು. ಸ್ಪಾನ್ಸರನಿಂದ ದೇಶ ಬಿಡುವ ಎಕ್ಸಿಟ್ ಪರ್ಮಿಟ್ ಆಯಿತು. ಅಳತೆ ಟೇಪು ಹೊಸದು ಬಂತು. ಟಾರ್ಚು ಬಂತು. ಅಡುಗೆ ಮಾಡುತ್ತಾ ತೊಲೆಗಳ ದಪ್ಪ ಊಹಿಸಿ ಹೇಳುವರು, ಉಪ್ಪು ಎರಡೆರಡು ಸಲ ಬೀಳುವುದು. "ಇವರಿಗೆ ಈ ವರ್ಷ ಊರಿನ ನೆನಪು ಭಾರೀ ಜೋರುಂಟು," ಎಂದು ಶೆಟ್ಟರು ನನ್ನ ಹತ್ತಿರ ಪಿಸುಗುಟ್ಟಿದರು. ನಾನು ಹೌದೆಂದೆ.

ಹೊರಡುವ ಮೂರು ದಿನ ಮೊದಲು, ಶುಕ್ರವಾರ ಮಧ್ಯಾಹ್ನ, ನಾನು ಅವರ ಕೋಣೆಯಲ್ಲಿ ಕೂತು ಹಗ್ಗ ಬಿಗಿಯುತ್ತಿದ್ದೆ. ಶೆಟ್ಟರು ಬಾಗಿಲಲ್ಲಿ ಬಂದು ನಿಂತರು. ಶೆಟ್ಟರ ತಂಗಿಯ ಮದುವೆ ಮೇ ಮೊದಲ ವಾರದಲ್ಲೇ. ತಂದೆಯಿಲ್ಲದ ಮನೆ, ಧಾರೆಗೆ ನಿಲ್ಲಬೇಕಾದ ಅಣ್ಣ ಇವರು. ಸೂಟ್‌ಕೇಸು ಕಟ್ಟಿ ವಾರವಾಗಿತ್ತು. ಹಿಂದಿನ ದಿನ ಅವರ ಕಂಪನಿ, ಗೋದಾಮಿನ ಸ್ಟಾಕ್ ಲೆಕ್ಕ ಮುಗಿಯದೆ ಯಾರಿಗೂ ಎಕ್ಸಿಟ್ ಇಲ್ಲ ಎಂದುಬಿಟ್ಟಿತ್ತು.

ಒಳಗೆ ಬರಲಿಲ್ಲ ಶೆಟ್ಟರು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಸಣ್ಣ ಪೆಟ್ಟಿಗೆ.

"ಸಾರ್, ತಂಗಿಗೆ ಕೊರಳಿನ ಸರ. ನಾನೇ ಹಾಕಬೇಕಿತ್ತು." ಪೆಟ್ಟಿಗೆ ಮುಂದೆ ಹಿಡಿದು, "ನೀವು ಸೋಮವಾರ ಹೊರಟರೆ ಮಂಗಳವಾರ ಬಾಂಬೆ. ಗುರುವಾರದೊಳಗೆ ಉಡುಪಿಗೆ ಮುಟ್ಟಿಸಬಹುದಲ್ಲ ಸಾರ್? ಶುಕ್ರವಾರ ಮುಹೂರ್ತ. ನಾನಿಲ್ಲದಿದ್ದರೂ ಸರ ಇದ್ದರೆ..." ಎಂದು ನಿಲ್ಲಿಸಿದರು. ಯಾವಾಗಲೂ ಬಾಯಿ ತುಂಬ ಬೈಯುವ ಮನುಷ್ಯ. ಅಂದು ಟವೆಲಿನ ಅಂಚು ತಿರುಚುತ್ತಾ ನಿಂತರು.

ಅಟ್ಟ ನೋಡಲು ಇಟಲಿಯ ಅಜ್ಜಿ ಕೊಟ್ಟಿದ್ದ ಸಮಯ ಬುಧವಾರ ಬೆಳಿಗ್ಗೆ.

ಸೂಟ್‌ಕೇಸಿನ ಹತ್ತಿರ ನಿಂತಿದ್ದ ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ. ಆಮೇಲೆ ಕೈ ಚಾಚಿ ಪೆಟ್ಟಿಗೆ ಇಸಕೊಂಡರು.

"ಆಯ್ತು ಶೆಟ್ರೇ. ಗುರುವಾರ."

ಶೆಟ್ಟರು ಹೋದ ಮೇಲೆ ನಾನು ಬಾಗಿಲು ಹಾಕಿದೆ. ಇಡೀ ವರ್ಷ ವಿಲ್ಲಾಗಳ ವಿರುದ್ಧ ಮಾತಾಡಿದವನು ಅಂದು ವಿಲ್ಲಾಗಳ ಪರ ನಿಂತೆ. ಅದಕ್ಕಿಂತ ಒಳ್ಳೆಯ ಭಾಷಣ ನಾನು ಯಾವ ವೇದಿಕೆಯಲ್ಲೂ ಮಾಡಿಲ್ಲ. ಅಲ್ ಮುಂತಜಾ ಬಡಾವಣೆಯಲ್ಲಿ ನಮ್ಮ ಕಡೆಯ ಅಂಗಡಿಯವರಿದ್ದಾರೆ, ವಾರದಲ್ಲಿ ಒಬ್ಬನಾದರೂ ಊರಿಗೆ ಹೊರಟೇ ಹೊರಡುತ್ತಾನೆ, ನಾನು ಹುಡುಕುತ್ತೇನೆ. ಸಿಗದಿದ್ದರೆ? ಸರ ಇಲ್ಲದೆ ಮದುವೆ ನಿಲ್ಲುವುದಿಲ್ಲ. ಸರ ಮದುವೆಯಾದ ಮರುವಾರವೂ ಹಾಕಿಕೊಳ್ಳಬಹುದು, ಅಟ್ಟ ಮರುವಾರ ಇರುವುದಿಲ್ಲ. ಶೆಟ್ಟರಿಗೆ ಅನ್ಯಾಯ ಮಾಡಿದ್ದು ಅವರ ಕಂಪನಿ, ದಂಡ ನೀವು ಯಾಕೆ ಕಟ್ಟಬೇಕು?

"ಒಪ್ಪಿದೆ."

"ಮತ್ತೆ, ನೀವು ನೇರ ಊರಿಗೆ ಹೋದರೆ ಮನೆಯವರಿಗೆ ರಜೆಯ ನಿಜ ಗೊತ್ತಾಗ್ತದೆ. ಈ ವರ್ಷದ್ದು ಮಾತ್ರ ಅಲ್ಲ, ಮುಂದಿನ ಎಲ್ಲಾ ವರ್ಷದ್ದೂ ಹೋಯ್ತು. ಖಲಾಸ್."

"ಅದೂ ಒಪ್ಪಿದೆ."

"ನೇರ ಹೋದರೂ ಮನೆಗೆ ಹೋಗದೆ ಎಲ್ಲಿಯಾದರೂ..."

"ಎಲ್ಲಿ, ಲಾಡ್ಜಿನಲ್ಲಿ ಕೂತಿರಲಾ?" ಅವರು ನಕ್ಕರು. "ಪೂರ್ತಿ ಒಪ್ಪಿದೆ ಕಣಯ್ಯ. ನಿನ್ನ ವಾದದಲ್ಲಿ ಎಲ್ಲೂ ತೂತಿಲ್ಲ. ಟಿಕೆಟು ನಾನು ಬದಲಾಯಿಸ್ತೀನಿ, ನೀನು ನಾಳೆ ಆಫೀಸಿನಿಂದ ಅಜ್ಜಿಗೆ ಒಂದು ಫ್ಯಾಕ್ಸ್ ಕಳಿಸು. ಬರೋಕಾಗಲ್ಲ ಅಂತ."

ಗೆದ್ದ ಚರ್ಚೆಯಲ್ಲಿ ಟ್ರೋಫಿ ಎದುರಾಳಿಗೆ ಹೋದರೆ ಹೇಗಾಗುತ್ತದೆ? ಹಾಗಾಯಿತು. ಸಿಟ್ಟಿನಲ್ಲಿ ಕೇಳಿದೆ, "ಕಾರಣ ಏನು ಬರೀಲಿ?"

"ಮನೆಯಲ್ಲಿ ಮದುವೆ ಅಂತ ಬರಿ."

"ನಿಮ್ಮ ಮನೆಯಲ್ಲಿ ಎಲ್ಲಿ ಮದುವೆ?"

ಹೊರಗೆ ಶೆಟ್ಟರು ಪಾತ್ರೆ ತೊಳೆಯುವ ಶಬ್ದ ಕೇಳುತ್ತಿತ್ತು, ಅವರ ಸರದಿ ಅಲ್ಲದಿದ್ದರೂ. ಇವರು ಆ ಕಡೆ ಕೈ ತೋರಿಸಿ, ಹಗ್ಗದ ಗಂಟು ಬಿಗಿಯತೊಡಗಿದರು.

ಸರ ಗುರುವಾರ ಮುಟ್ಟಿತು. ಬಾಂಬೆಯಿಂದ ಯಾರ ಕೈಗೂ ಕೊಡದೆ ತಾವೇ ಬಸ್ಸಿನಲ್ಲಿ ಉಡುಪಿಗೆ ಹೋಗಿ ಕೊಟ್ಟು, ಮದುವೆಯ ಊಟವನ್ನೂ ನಿಂತುಕೊಂಡೇ ಮಾಡಿ ಮೈಸೂರಿಗೆ ಹೋದರಂತೆ. "ಭಾರೀ ತೊಂದರೆ ಆಯ್ತು ಸಾರ್ ನಿಮಗೆ," ಎಂದು ಶೆಟ್ಟರು ಅವರು ವಾಪಸಾದಾಗ ಕೈ ಹಿಡಿದುಕೊಂಡರು. "ಎಂಥ ತೊಂದರೆ ಶೆಟ್ರೇ, ಹೋಗೋ ದಾರಿ," ಎಂದರು ಅವರು. ಬಾಂಬೆಯಿಂದ ಮೈಸೂರಿಗೆ ಉಡುಪಿ ಯಾವ ದಾರಿ ಎಂಬ ಪ್ರಶ್ನೆ ಬದಿಗಿಟ್ಟು ನಾನು ಸೂಟ್‌ಕೇಸು ಒಳಗೆ ತಂದೆ.

*

ಮುಂದಿನ ವರ್ಷ ಮಾರ್ಚಿನಲ್ಲಿ ಮೈಸೂರಿನಿಂದ ಫೋನು. ಫೋನಿನಲ್ಲಿ ಮಾತಾಡುವಾಗ ಅವರು ವೈರು ಎಳೆದಷ್ಟು ದೂರ ನಡೆಯುವವರು. ಹೂಂ, ಹೂಂ, ಆಗಲಿ, ಬರ್ತೀನಿ. ಇಟ್ಟರು.

"ತಂಗಿ ಮಗನ ಮುಂಜಿ. ಏಪ್ರಿಲ್ ಕೊನೆಗೆ ಇಟ್ಟುಕೊಂಡಿದ್ದಾರೆ. ಹೇಗೂ ನಿನಗೀಗ ಒಂದು ತಿಂಗಳು ರಜ ಅಲ್ವಾ ಅಂದಳು."

ನಾನು ಹೇಳಿದ ಹಾಗೇ ಆಯಿತು. ಆದರೂ ಬಿಡಲು ಮನಸ್ಸಾಗಲಿಲ್ಲ. "ಈಗಲೂ ತಡ ಆಗಲಿಲ್ಲ ಸಾರ್. ಕಂಪನಿಯವರು ರಜೆ ಮತ್ತೆ ಕಡಿಮೆ ಮಾಡಿದರು ಅಂತ ಹೇಳಿ. ಮೈಸೂರಿನಿಂದ ಯಾರು ಬಂದು ಪರೀಕ್ಷೆ ಮಾಡ್ತಾರೆ?"

"ಯಾರೂ ಮಾಡಲ್ಲ."

"ಮತ್ತೆಂಥ?"

ಅವರು ಬಾಲ್ಕನಿ ಕಡೆ ಮುಖ ಮಾಡಿ ಹೇಳಿದರು. "ಹೋದ ವರ್ಷ ಉಡುಪಿಯಿಂದ ಮನೆಗೆ ಹೋದೆನಲ್ಲ. ಯಾರಿಗೂ ಮುಂಚೆ ತಿಳಿಸಿರಲಿಲ್ಲ. ಮಗಳು ಬಾಗಿಲು ತೆಗೆದಳು. ಖುಷಿ ಆಗುತ್ತೆ ಅಂದ್ಕೊಂಡೆ. ಅವಳಿಗೆ ಸಿಟ್ಟು ಬಂತು. ‘ಇನ್ನೂ ದಿನ ಆಗಿಲ್ವಲ್ಲಪ್ಪ!’ ಅಂತ ಒಳಗೆ ಓಡಿದಳು. ಗೋಡೆ ಮೇಲಿನ ಕ್ಯಾಲೆಂಡರ್ ಕಿತ್ತುಕೊಂಡು ಬಂದು, ನನ್ನ ಕಾಲ ಹತ್ತಿರಾನೇ ನೆಲದ ಮೇಲೆ ಹಾಸಿಕೊಂಡು, ನಾನು ಬರೋ ತನಕ ಉಳಿದಿದ್ದ ದಿನದ ಮನೆಗಳಿಗೆಲ್ಲ ಒಂದೊಂದಾಗಿ ಕಾಟು ಹೊಡೆದಳು. ಅವಸರ ಅವಸರವಾಗಿ, ಯಾರೋ ಕಿತ್ತುಕೊಳ್ತಾರೆ ಅನ್ನೋ ಹಾಗೆ. ಸೂಟ್‌ಕೇಸ್ ಕೆಳಗಿಡೋಕೂ ಬಿಡಲಿಲ್ಲ."

ಅವರು ಬಾಲ್ಕನಿಯ ಬಾಗಿಲು ಪೂರ್ತಿ ತೆಗೆದರು.

"ಅದಕ್ಕೆ ಮುಂಚಿನ ವರ್ಷಗಳಲ್ಲಿ ಅವಳು ಅದೇ ಮನೆಗಳಿಗೆ ದಿನಕ್ಕೊಂದು ಕಾಟು ಹೊಡೀತಾ ಕೂತಿದ್ದಾಗ ನಾನೆಲ್ಲಿದ್ದೆ ಹೇಳು, ವಕೀಲ್ರೇ."

ಎಲ್ಲಿದ್ದರು ಎಂದು ಊರಿನ ಹೆಸರು, ಮೆಟ್ಟಿಲು, ಮರದ ನೆರಳು ಸಹಿತ ನನಗೆ ಗೊತ್ತಿತ್ತು. ಅವರು ಉತ್ತರಕ್ಕೆ ಕಾಯಲಿಲ್ಲ, ಕಾರಿನ ಕೀ ತೆಗೆದುಕೊಂಡರು. "ಯಲ್ಲಾ, ನಡಿ, ಕಾರ್ನಿಷ್‌ಗೆ ಒಂದು ಸುತ್ತು ಹೋಗಿ ಬರೋಣ."

ಸಮುದ್ರದ ದಂಡೆಯಲ್ಲಿ ಅವರು ಎಂದಿಗಿಂತ ಜೋರಾಗಿ ನಡೆದರು. ನಾನು ಹಿಂದೆ ಬಿದ್ದೆ. ಮಗಳ ಕಣ್ಣೀರಿಗೆ ತಲೆಬಾಗುವುದು ತರ್ಕವಲ್ಲ ಎಂದು ಒಂದು ವಾದ ಕಟ್ಟಿ ಕೆಡವಿದೆ, ಅವಳೇನೂ ಅತ್ತಿರಲಿಲ್ಲ. ಇನ್ನೊಂದು ಕಟ್ಟಿದೆ. ಅರ್ಧ ದಾರಿಯಲ್ಲಿ ತಲೆಗೆ ಹೊಳೆದದ್ದು ಎಷ್ಟು ಸರಳವಾಗಿತ್ತೆಂದರೆ ನನಗೆ ನನ್ನ ಮೇಲೇ ಸಿಟ್ಟು ಬಂತು.

"ಸಾರ್!" ಹಿಂದಿನಿಂದ ಕೂಗಿದೆ. "ಅವಳನ್ನೂ ಕರಕೊಂಡು ಹೋಗಿ!"

ಗಾಳಿ ಜೋರಿತ್ತು. ಅವರು ತಿರುಗಿ ನೋಡಲಿಲ್ಲ. ನಿಂತರು ಮಾತ್ರ. ಅಷ್ಟು ವರ್ಷದಲ್ಲಿ ಅವರು ರಸ್ತೆಯ ನಡುವೆ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ನಾನು ಓಡಿ ಹತ್ತಿರ ತಲುಪುವಷ್ಟರಲ್ಲಿ ಮತ್ತೆ ನಡೆಯತೊಡಗಿದ್ದರು.